ಹೆಬ್ಬೆಟ್ಟು

ನಮ್ಮ ಅಮ್ಮಿಯ ಹೆಬ್ಬೆರಳಿಗೆ ಗೆರೆಗಳಿಲ್ಲ.
ಮೂವತ್ತು ವರ್ಷ ಫಿಲೇಚರಿನ ಕುದಿನೀರಿನ ಬೇಸಿನ್ನಿನಲ್ಲಿ
ಗೂಡು ತಡವಿ, ಎಳೆಯ ತುದಿ ಹುಡುಕಿ ಹುಡುಕಿ
ಬೆಂದು, ಸವೆದು, ನುಣ್ಣಗಾಗಿದೆ
ದರ್ಗಾದ ಮೆಟ್ಟಿಲಿನ ಹಾಗೆ.

ಶಿಡ್ಲಘಟ್ಟದ ನ್ಯಾಯಬೆಲೆ ಅಂಗಡಿಯ ಯಂತ್ರ
ಮೂರು ಸಲ ಕೆಂಪು ತೋರಿಸಿತು.
ಗುಮಾಸ್ತ ತಲೆ ಎತ್ತಲಿಲ್ಲ:
"ಕಾರ್ಡು ಯಾರದೋ, ಕೈ ಯಾರದೋ.
ನಿಮ್ಮವರದ್ದು ಯಾವಾಗಲೂ ಇದೇ ಕತೆ."
ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.
ಅಮ್ಮಿ ಬುರ್ಖಾದೊಳಗೆ ಕೈ ಎಳೆದುಕೊಂಡಳು
ಕದ್ದ ಮಾಲಿನಂತೆ.

ಓದು ಬಾರದವರನ್ನು ಹೆಬ್ಬೆಟ್ಟು ಎನ್ನುತ್ತಾರೆ.
ನಮಗೆ ಅದೂ ಇಲ್ಲವಾಯಿತು.

ಖುತೇಜಾ ಆಪಾ ಅವತ್ತು ಸಂಜೆಯೇ ಬಂದರು,
ಉರ್ದು ಶಾಲೆಯ ನಿವೃತ್ತ ಮೇಡಂ,
ಮೊಣಕಾಲು ನೋವು, ದವಡೆಯಲ್ಲಿ ಸದಾ ಒಂದು ಏಲಕ್ಕಿ.
ಅಮ್ಮಿಯ ಬೆರಳು ಬಲ್ಬಿನ ಕೆಳಗೆ ಹಿಡಿದು ನೋಡಿದರು.
ಅಯ್ಯೋ ಅನ್ನಲಿಲ್ಲ.
"ಶುಕ್ರವಾರ ಜುಹರ್ ಮುಗಿಸಿ ಮನೆಗೆ ಬಾ.
ಒಂದು ಸ್ಲೇಟು ತಾ."

ಏಳು ಜನ ಹೋದೆವು. ಮರುವಾರ ಹತ್ತೊಂಬತ್ತು.
ಎಷ್ಟು ಅತ್ತರು ಹಚ್ಚಿದರೂ ಮೈಯೆಲ್ಲ ಹುಳದ ವಾಸನೆ.
ಮನೆಯ ಮಾತು ದಖನಿ. ಕನ್ನಡ ನಾಲಗೆಯಲ್ಲಿತ್ತು,
ಗೂಡಿನ ಮಾರುಕಟ್ಟೆಯ ಜಗಳದಲ್ಲಿತ್ತು,
ಕಣ್ಣಿಗೆ ಮಾತ್ರ ಇರಲಿಲ್ಲ.
ಆಪಾ ಗೋಡೆಯ ಮೇಲೆ ಠ ಬರೆದರು.
ಅಮ್ಮಿ ಚಾಪೆ ತಟ್ಟಿ ನಕ್ಕಳು:
"ಇದು ಗೂಡು! ಒಳಗೆ ಹುಳಾನೂ ಇದೆ!"

ಅಲ್ಲಿಂದ ಎಲ್ಲ ಸಲೀಸು ಎಂದರೆ ಸುಳ್ಳು.
ಒತ್ತಕ್ಷರಗಳು ಗಂಟುಬಿದ್ದ ಎಳೆ,
ಬಿಡಿಸಹೋದರೆ ತುಂಡು.
ಷಂಶಾದ್ ಬಿ ಸ್ಲೇಟು ಎಸೆದು ಎದ್ದುಹೋದವಳು
ಎರಡು ವಾರ ಇತ್ತ ತಲೆ ಹಾಕಲಿಲ್ಲ.

ಜಮಾತಿನ ಹಿರಿಯರು ಬಾಗಿಲಿಗೆ ಬಂದರು.
"ಈ ವಯಸ್ಸಲ್ಲಿ ಹೆಂಗಸರಿಗೆ ಕಾಗುಣಿತ ಯಾಕೆ?
ಅರ್ಜಿ ಬೇಕಾದರೆ ನಾವು ಬರೆಸಿ ಕೊಡುತ್ತೇವಲ್ಲ."
ಆಪಾ ಕುರ್ಚಿ ಹಾಕಿಸಿ, ಚಹಾ ಕೊಟ್ಟು, ಕೇಳಿದರು:
"ಗುಹೆಯಲ್ಲಿ ಒಬ್ಬರೇ ಕೂತಿದ್ದ ನಮ್ಮ ನಬಿಯವರಿಗೆ
ಇಳಿದು ಬಂದ ಮೊದಲ ಮಾತು ಯಾವುದು, ಭಾಯಿ?"
ಚಹಾ ಆರಿತು.
ಒಬ್ಬರು ಟೋಪಿ ಸರಿಮಾಡಿಕೊಂಡು
"ಬಾಗಿಲಾದರೂ ಹಾಕಿಕೊಳ್ಳಿ" ಎಂದು ಮೆಟ್ಟಿಲಿಳಿದರು.
ಆಪಾ ಹಾಕಲಿಲ್ಲ.

ಆ ಬಾಗಿಲಿನಿಂದಲೇ ಮುನಿವೆಂಕಟಮ್ಮ ಬಂದದ್ದು,
ಕಂಕುಳಲ್ಲಿ ಮೊಮ್ಮಗು, ಹಣೆಯಲ್ಲಿ ಕಾಸಗಲ ಕುಂಕುಮ.
ಇಪ್ಪತ್ತು ವರ್ಷ ಅಮ್ಮಿಯ ಪಕ್ಕದ ಬೇಸಿನ್ನಿನವಳು,
ನಮ್ಮ ಮನೆಯ ನೀರು ಕುಡಿಯದವಳು.
"ನನ್ನ ಬೆರಳಿಗೂ ಮಿಷನ್ನು ಕೆಂಪೇ ಕಣಕ್ಕಾ."
ಹೊಸಿಲ ಮೇಲೆ ನಿಂತೇ ಇದ್ದಳು.
"ಅವತ್ತು ಸಾಲಿನಲ್ಲಿ ನಕ್ಕಿದ್ದು ನಾನೇ."
ಅಮ್ಮಿ ಏನೂ ಹೇಳಲಿಲ್ಲ.
ಚಾಪೆಯ ಮೇಲೆ ಒಂದಿಷ್ಟು ಸರಿದಳು.

ಅರ್ಜಿ ನಾವೇ ಬರೆದೆವು.
ನಾಲ್ಕು ಸಾಲು, ಅದಕ್ಕೆ ನಾಲ್ಕು ಶುಕ್ರವಾರ.
ತಾಲ್ಲೂಕು ಕಚೇರಿಯಲ್ಲಿ ಓದಿದವನು
'ಹೆಬ್ಬೆರಳು' ಒತ್ತಿಲ್ಲದೆ ಬಡವಾದದ್ದು ಕಂಡು
ಪಕ್ಕದ ಮೇಜಿಗೂ ತೋರಿಸಿದ:
"ಮೊದಲು ಕನ್ನಡ ಕಲಿತು ಬನ್ನಿ."
ಬಂದೆವು. ಮುಂದಿನ ಸೋಮವಾರವೇ,
ಒತ್ತು ಹಾಕಿಕೊಂಡು,
ಕೆಳಗೆ ಇಪ್ಪತ್ತಮೂರು ಸಹಿ.
ಜೈಬುನ್ನಿಸಾ ಎಂಬ ಅಮ್ಮಿಯ ಹೆಸರು
ಗೆರೆ ದಾಟಿ ಮುನಿವೆಂಕಟಮ್ಮನ ತಲೆಕಟ್ಟಿನ ಮೇಲೆ
ಕೂತುಬಿಟ್ಟಿತ್ತು. ತಿದ್ದಲಿಲ್ಲ.

ಕಣ್ಣು ನೋಡುವ ಯಂತ್ರ ಬಂದಾಗ ಬಕ್ರೀದ್ ಕಳೆದಿತ್ತು.
ಹಸಿರು ಬೆಳಗಿತು.
ಗುಮಾಸ್ತ ಈಗಲೂ "ನಿಮ್ಮವರು" ಅನ್ನುತ್ತಾನೆ.
ಅಮ್ಮಿ ಚೀಲ ಕೆಳಗಿಟ್ಟು
ರಶೀತಿಯನ್ನು ಮೊದಲಿನಿಂದ ಓದುತ್ತಾಳೆ,
ಗೆರೆಯಿಲ್ಲದ ಬೆರಳಿಟ್ಟು, ಅಕ್ಷರ ಅಕ್ಷರ, ಗಟ್ಟಿಯಾಗಿ.
ಸಾಲು ಗೊಣಗುತ್ತದೆ, ಕಾಯುತ್ತದೆ.
ಓದಿ ಮುಗಿಸಿ, ತಕ್ಕಡಿಯತ್ತ ನೋಡಿ,
"ಅರ್ಧ ಕಿಲೋ ಕಮ್ಮಿ ಇದೆ, ಅಣ್ಣಾ."